ಶಾಲೆಯ ಹೊತ್ತಿನ ಬಿಳಿ ಪಟ್ಟಿ

ಮಗಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದದ್ದು ಪಿರಿಯಾಪಟ್ಟಣದಲ್ಲಿ, ನನ್ನ ಹೆಂಡತಿಯ ಅಣ್ಣನ ಮನೆಯ ಗೃಹಪ್ರವೇಶದ ದಿನ. ಆಗ ಅವಳು ಏಳನೇ ತರಗತಿ. ಕೆಲವು ವಾರಗಳಿಂದ ಒಂದೇ ಸಮನೆ ನೀರು ಕುಡಿಯುತ್ತಿದ್ದಳು, ಮೈಯೂ ಇಳಿದಿತ್ತು. ಬೇಸಿಗೆ, ಬೆಳೆಯುವ ವಯಸ್ಸು ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡು ಸುಮ್ಮನಿದ್ದೆವು. ಆ ದಿನ ಊಟದ ಪಂಕ್ತಿಯಲ್ಲಿ ಕೂತವಳು ಪಾಯಸ ಬಡಿಸುವಷ್ಟರಲ್ಲಿ ವಾಂತಿ ಮಾಡಿಕೊಂಡು ನನ್ನ ತೋಳಿಗೆ ಒರಗಿದಳು. ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಮೀಟರಿಗೆ ಹಿಡಿದರು. ಅದರಲ್ಲಿ ಅಂಕಿ ಬರಲೇ ಇಲ್ಲ. ಅದರ ಲೆಕ್ಕ ಮೀರಿದೆ ಎನ್ನುವ ಎರಡಕ್ಷರ ಮಾತ್ರ ಬಂತು.

"ಕಾರಿದ್ಯಾ ನಿಮ್ಮತ್ರ?" ಎಂದು ಡಾಕ್ಟರು ಕೇಳಿದರು. "ಈಗ್ಲೇ ಮೈಸೂರಿಗೆ ಹೊರಡಿ. ದಾರೀಲಿ ಎಲ್ಲೂ ನಿಲ್ಲಿಸ್ಬೇಡಿ."

ಮೈಸೂರಿನ ಆಸ್ಪತ್ರೆಯಲ್ಲಿ ಒಂದು ವಾರ ಇದ್ದೆವು. ದೇಹ ತಾನಾಗಿ ತಯಾರಿಸಬೇಕಾದ ಇನ್ಸುಲಿನ್ ಅವಳಲ್ಲಿ ನಿಂತುಹೋಗಿದೆ, ಇನ್ನು ಮುಂದೆ ಅದನ್ನು ಹೊರಗಿನಿಂದಲೇ ಕೊಡಬೇಕು, ಬದುಕಿರುವವರೆಗೂ ಎಂದರು. ಬೆಳಿಗ್ಗೆ ತಿಂಡಿಗೆ ಮೊದಲು ಒಂದು, ರಾತ್ರಿ ಊಟಕ್ಕೆ ಮೊದಲು ಒಂದು ಚುಚ್ಚುಮದ್ದು. ಬೆಳಗಿನ ಮದ್ದು ಮಧ್ಯಾಹ್ನದವರೆಗೂ ಕೆಲಸ ಮಾಡುತ್ತಿರುತ್ತದೆ, ಆದ್ದರಿಂದ ಮಧ್ಯಾಹ್ನದ ಊಟ ತಪ್ಪಕೂಡದು. ಸಕ್ಕರೆ ಏರಿದರೆ ನಿಧಾನವಾಗಿ ಕೆಡುಕು, ಇಳಿದರೆ ತಕ್ಷಣವೇ ಅಪಾಯ. ಡಾಕ್ಟರಮ್ಮ ಇದನ್ನೆಲ್ಲ ತಾಳ್ಮೆಯಿಂದ ಹೇಳಿದರು. ನನಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

ಹುಣಸೂರಿನ ಮನೆಗೆ ಬಂದ ಮೇಲೆ ಕೆಲಸ ತಾನಾಗಿಯೇ ಹಂಚಿಕೆಯಾಯಿತು. ನನ್ನ ಹೆಂಡತಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಸೂಜಿ ಅವಳ ಕೈಗೆ ಹೊಸದಲ್ಲ. ಬೆರಳು ಚುಚ್ಚುವುದು, ಮದ್ದು ಹಾಕುವುದು ಎರಡನ್ನೂ ಅವಳೇ ವಹಿಸಿಕೊಂಡಳು. ನನಗೆ ಅದನ್ನು ನೋಡಲೂ ಆಗುತ್ತಿರಲಿಲ್ಲ. ಮೊದಮೊದಲು ಹಾಲು ತರುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ. ಆಮೇಲೆ ಮಗಳೇ, "ಅಪ್ಪ, ನೀನ್ ಆ ಕಡೆ ತಿರುಗ್ಕೊ, ಆಯ್ತು ಅಂದ್ಮೇಲೆ ಈ ಕಡೆ ತಿರುಗು" ಅನ್ನತೊಡಗಿದಳು. ನಾನು ಗೋಡೆ ನೋಡುತ್ತ ನಿಲ್ಲುತ್ತಿದ್ದೆ. ಮೀಟರು ಕೂಗಿದಾಗ ಹೆಂಡತಿ ಅಂಕಿ ಹೇಳುತ್ತಿದ್ದಳು. ಆ ಅಂಕಿಯ ಮೇಲೆ ನನ್ನ ಇಡೀ ದಿನದ ಊಟ, ನಿದ್ದೆ, ಪಾಠ ಎಲ್ಲ ನಿಂತಿರುತ್ತಿತ್ತು.

ನಾನು ಕೆ.ಆರ್. ನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಕೈಯಿಂದ ಆಗದ್ದನ್ನು ತಲೆಯಿಂದಾದರೂ ಮಾಡೋಣ ಎಂದು ಮೀಟರಿನಲ್ಲಿ ಉಳಿದಿದ್ದ ಅಂಕಿಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿದೆ. ದಿನಕ್ಕೊಂದು ಅಡ್ಡಸಾಲು, ಅಳೆಯುವ ಹೊತ್ತಿಗೊಂದು ಕಂಬ. ಎದ್ದ ಕೂಡಲೇ, ಸ್ಕೂಲ್ ಬಸ್ ಹತ್ತುವ ಮೊದಲು, ಸ್ಕೂಲಿನಿಂದ ಬಂದ ಮೇಲೆ, ರಾತ್ರಿ ಊಟಕ್ಕೆ ಮೊದಲು, ಮಲಗುವಾಗ, ಹೀಗೆ ಐದು ಕಂಬ. ಇಂಥ ಅಂಕಿಗಳ ಚೌಕಟ್ಟಿಗೆ ನಾವು ಮ್ಯಾಟ್ರಿಕ್ಸ್ ಅನ್ನುತ್ತೇವೆ. ಒಂದೇ ಸಾಲಿನ ಆಜ್ಞೆ ಕೊಟ್ಟರೆ ಕಂಪ್ಯೂಟರು ಅದನ್ನು ಬಣ್ಣದ ಚಿತ್ರ ಮಾಡಿಕೊಡುತ್ತದೆ. ಪ್ರತಿ ಅಂಕಿಗೂ ಒಂದು ಚೌಕ, ಇಳಿದದ್ದು ಕೆಂಪು, ಸರಿಯಾಗಿರುವುದು ಹಸಿರು, ಏರಿದ್ದು ಹಳದಿ. ಭಾನುವಾರ ಮನೆಯಲ್ಲೇ ಇರುತ್ತಾಳಲ್ಲ ಎಂದು ಮಧ್ಯಾಹ್ನವೂ ಒಮ್ಮೆ ಅಳೆಯುತ್ತಿದ್ದೆವು, ಅದು ಸರಿಯಾಗಿಯೇ ಇರುತ್ತಿತ್ತು. ವಾರದಲ್ಲಿ ಆರು ದಿನ ಖಾಲಿ ಇರುವ ಕಂಬ ಚಿತ್ರಕ್ಕೆ ಚೆಂದ ಕಾಣುವುದಿಲ್ಲವೆಂದು ಅದನ್ನು ಬಿಟ್ಟುಬಿಟ್ಟೆ.

ಬಂದ ಚಿತ್ರ ಬಹುಪಾಲು ಹಸಿರಾಗಿತ್ತು. ಅಲ್ಲಲ್ಲಿ ಹಳದಿ, ಕೆಂಪು ಎರಡೋ ಮೂರೋ ಚೌಕ. ಹೆಂಡತಿ ಹೊಲಿಗೆ ಮಿಷನ್ನಿನಿಂದ ಎದ್ದು ಬಂದು ನೋಡಿದಳು.

"ಮೊಳಕಾಲ್ಮೂರು ಸೀರೆ ಅಂಚಿದ್ದಂಗದೆ ಕಣ್ರೀ," ಎಂದಳು. "ಹಸ್ರು ಜಾಸ್ತಿ ಇದ್ರೆ ಒಳ್ಳೇದಲ್ವಾ?"

"ಒಳ್ಳೇದು."

"ಹಂಗಾದ್ರೆ ನೀವು ಇವತ್ತಾದ್ರೂ ಹೊಟ್ಟೆ ತುಂಬ ಉಣ್ಣಿ."

ಆ ದಿನ ಉಂಡೆ. ಚಿತ್ರವನ್ನು ಪ್ರಿಂಟ್ ಮಾಡಿಸಿ ಬೀರುವಿನ ಬಾಗಿಲಿಗೆ ಅಂಟಿಸಿದೆವು. ತಿಂಗಳಿಗೊಮ್ಮೆ ಹೊಸದು. ಎಂಟನೇ ತರಗತಿ ಹೀಗೇ ಸಾಗಿತು.

ದಸರಾ ರಜೆಗೆ ಹನಗೋಡಿನಲ್ಲಿರುವ ನಮ್ಮವ್ವನ ಮನೆಗೆ ಹೋದೆವು. ಮೊಮ್ಮಗಳ ಬೆರಳಿನ ತುದಿಗಳಲ್ಲಿ ಚುಕ್ಕೆ ಚುಕ್ಕೆ ಗಾಯ ನೋಡಿ ಅವ್ವನ ಕಣ್ಣು ತುಂಬಿತು. "ಮಗೀನ ಬೆಳ್ಳ ಜರಡಿ ಮಾಡ್ಬುಟ್ಟಿದ್ದೀರಲ್ಲಪ್ಪ," ಎಂದು ಬೆರಳುಗಳಿಗೂ ಹಣೆಗೂ ವಿಭೂತಿ ಹಚ್ಚಿದಳು. "ನಾಕು ದಿನ ಚುಚ್ಚದೆ ಬುಡ್ರೋ. ನಾ ನೋಡ್ಕತೀನಿ." ಮದ್ದು ಬಿಡುವ ಹಾಗಿರಲಿಲ್ಲ. ಆದರೆ ಬೆರಳು ಚುಚ್ಚುವುದನ್ನು ಬೆಳಿಗ್ಗೆ ಒಂದು ಸಲಕ್ಕೆ ಇಳಿಸಿದೆವು. ಮಗಳು ಹೊಳೆಯ ದಂಡೆಯಲ್ಲಿ ಓಡಾಡಿಕೊಂಡಿದ್ದಳು. ಕಣ್ಣೆದುರಿಗೆ ಓಡುತ್ತಿದ್ದಳಾದ್ದರಿಂದ ನನಗೂ ಭಯ ಕಡಿಮೆ ಇತ್ತು. ಅರ್ಧಂಬರ್ಧ ಇದ್ದ ಆ ದಿನಗಳನ್ನು ತೆಗೆದುಹಾಕಿ ಮುಂದಿನ ಸಾಲನ್ನು ಹಿಂದಿನದಕ್ಕೆ ತಾಗಿಸಿದೆ. ಚಿತ್ರದಲ್ಲಿ ರಜೆ ಇದ್ದದ್ದೇ ಗೊತ್ತಾಗುತ್ತಿರಲಿಲ್ಲ.

ಒಂಬತ್ತನೇ ತರಗತಿಗೆ ಬಂದ ಮೇಲೆ ಸಂಜೆಯ ಕಂಬ ಹಳದಿಗೆ ತಿರುಗಿತು. ಅವಳ ಶಾಲೆ ಬಿಳಿಕೆರೆಯ ಕಡೆ, ಹೆದ್ದಾರಿಯ ಪಕ್ಕದಲ್ಲಿದೆ. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಐದಕ್ಕೆ. ಬಂದ ಕೂಡಲೇ ಅಳೆದರೆ ಮುನ್ನೂರರ ಹತ್ತಿರ. ಮುಖ ಬಾಡಿರುತ್ತಿತ್ತು, ಮಾತಾಡಿಸಿದರೆ ಸಿಡುಕು, ತಲೆನೋವು ಎಂದು ಚಾಪೆ ಹಾಸಿ ಮಲಗಿಬಿಡುತ್ತಿದ್ದಳು.

"ಬಸ್ಸಲ್ಲಿ ಏನಾದ್ರೂ ತಿಂತೀಯಾ?" ಎಂದು ಅವಳಮ್ಮ ಕೇಳುತ್ತಿದ್ದಳು.

"ಇಲ್ಲ."

"ಸುಳ್ಳು ಹೇಳ್ಬ್ಯಾಡ. ಮೀಟ್ರು ಸುಳ್ಳು ಹೇಳ್ತದಾ?"

"ಇಲ್ಲ ಅಂದ್ನಲ್ಲಮ್ಮ."

ಸ್ಕೂಲಿನಲ್ಲೂ ಒಮ್ಮೆ ಅಳೆದುಕೊ ಎಂದು ನಾವು ಮೊದಲಿನಿಂದಲೂ ಹೇಳುತ್ತಿದ್ದೆವು. ಅವಳು ಖಂಡಿತ ಒಪ್ಪುತ್ತಿರಲಿಲ್ಲ. ಕಾಯಿಲೆಯ ವಿಷಯ ಶಾಲೆಗೆ ತಿಳಿಸುವುದೂ ಅವಳಿಗೆ ಬೇಕಿರಲಿಲ್ಲ. ತಿಳಿಸಿದರೆ ನಾನು ಸ್ಕೂಲಿಗೇ ಹೋಗುವುದಿಲ್ಲ ಎಂದು ಎರಡು ದಿನ ಮಾತು ಬಿಟ್ಟಿದ್ದಳು. ಹದಿಮೂರರ ಹುಡುಗಿ, ಎಲ್ಲರೂ ಕಾಯಿಲೆಯವಳೆಂದು ನೋಡುವುದು ಬೇಡವಾಗಿರಬಹುದು ಎಂದು ಸುಮ್ಮನಾದೆವು. ಸುಮ್ಮನಾದೆವು ಎಂದರೆ ಬಾಯಿ ಸುಮ್ಮನಾಯಿತು, ಅಷ್ಟೆ. ದಿನಾ ಪಾಠ ಮಾಡುವಾಗ ಫೋನು ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಸಾಲ ಬೇಕಾ ಎಂದು ಕೇಳುವ ಹುಡುಗಿಯ ದನಿ ಕೇಳಿ ಜೀವ ಬರುತ್ತಿತ್ತು.

ಸಂಜೆಯ ಹಳದಿ ಹೆಚ್ಚುತ್ತಲೇ ಹೋದಾಗ, ಬೆಳಗಿನ ಮದ್ದು ಸಾಲುತ್ತಿಲ್ಲ ಎಂಬ ತೀರ್ಮಾನಕ್ಕೆ ನಾವಿಬ್ಬರೂ ಬಂದೆವು. ಚಿತ್ರ ನೋಡಿದರೆ ಯಾರಿಗೂ ಹಾಗೇ ಅನ್ನಿಸುತ್ತಿತ್ತು. ಬೆಳಿಗ್ಗೆ ಹಸಿರು, ಪಕ್ಕದಲ್ಲೇ ಸಂಜೆ ಹಳದಿ. ಶನಿವಾರ ಮೈಸೂರಿಗೆ ಹೋಗಿ ಡಾಕ್ಟರಮ್ಮನಿಗೆ ಚಿತ್ರ ತೋರಿಸಿ ಡೋಸ್ ಹೆಚ್ಚಿಸಲು ಕೇಳುವುದೆಂದು ನಿಶ್ಚಯವಾಯಿತು.

ಅದರ ಹಿಂದಿನ ದಿನ ಶುಕ್ರವಾರ. ಬೆಳಿಗ್ಗೆ ಕಾಲೇಜಿನ ಲ್ಯಾಬಿನಲ್ಲಿ ಕೊನೆಯ ವರ್ಷದ ಹುಡುಗಿಯೊಬ್ಬಳು ತನ್ನ ಪ್ರಾಜೆಕ್ಟ್ ತೋರಿಸಲು ಬಂದಳು. ಮನೆಯ ಹಿತ್ತಲಿನ ಮಣ್ಣಿನ ಬಿಸಿಯನ್ನು ಬೇರೆಬೇರೆ ಆಳದಲ್ಲಿ ಅಳೆದಿದ್ದಳು. ಮೇಲುಮೇಲೆ ಹತ್ತಿರ ಹತ್ತಿರದ ಆಳಗಳು, ಕೆಳಗೆ ಹೋದಂತೆ ದೂರ ದೂರ. ಹೊತ್ತು ಕೂಡ ಹಾಗೇ, ಬೆಳಿಗ್ಗೆ ಗಂಟೆಗೆರಡು ಸಲ, ಕಾಲೇಜಿಗೆ ಬರುವ ಹೊತ್ತಿನಲ್ಲಿ ಏನೂ ಇಲ್ಲ, ಸಂಜೆ ಮತ್ತೆ. ಎಲ್ಲವನ್ನೂ ಒಂದು ಮ್ಯಾಟ್ರಿಕ್ಸ್ ಮಾಡಿ ಬಣ್ಣದ ಚಿತ್ರ ತೆಗೆದಿದ್ದಳು. ಎಲ್ಲ ಚೌಕವೂ ಒಂದೇ ಅಳತೆ.

"ನೋಡಮ್ಮ," ಎಂದೆ, "ಈ ಚೌಕ ಒಂದು ಬೆರಳಿನಷ್ಟು ಮಣ್ಣು, ಅದರ ಕೆಳಗಿನದು ಒಂದು ಮೊಳ. ಎರಡೂ ಒಂದೇ ದಪ್ಪ ಕಾಣ್ತಿದೆಯಲ್ಲ?"

"ಕಂಪ್ಯೂಟರು ಹಾಗೇ ಕೊಡ್ತು ಸಾರ್."

"ಅದಕ್ಕೆ ಅಂಕಿ ಮಾತ್ರ ಕೊಟ್ಟಿದ್ದೀಯ. ಯಾವ ಆಳದಲ್ಲಿ, ಎಷ್ಟು ಹೊತ್ತಿಗೆ ಅಂತ ಹೇಳೇ ಇಲ್ಲ. ಅದು ಎಲ್ಲಾನೂ ಒಂದೇ ದೂರ ಅಂದ್ಕೊಂಡು ಪಕ್ಕಪಕ್ಕ ಜೋಡಿಸ್ತದೆ. ಇಲ್ಲಿ ನೋಡು, ಬೆಳಿಗ್ಗೆ ಎಂಟು ಗಂಟೆ ಚೌಕ, ಅದಕ್ಕೆ ತಾಗಿಕೊಂಡೇ ಸಂಜೆ ಐದು. ನಡುವೆ ಇಡೀ ಹಗಲು ಎಲ್ಲಿ ಹೋಯ್ತು?"

ಕೇಳಿದವನು ನಾನೇ. ಆ ಪ್ರಶ್ನೆ ಬಾಯಿಂದ ಹೊರಬಿದ್ದ ಮೇಲೆ ನಮ್ಮ ಬೀರುವಿನ ಬಾಗಿಲ ಚಿತ್ರ ನೆನಪಾಯಿತು. ಹುಡುಗಿ ಏನೋ ಕೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. "ಆಮೇಲೆ ಬಾರಮ್ಮ," ಎಂದು ಹೇಳಿ ಸ್ಟಾಫ್ ರೂಮಿಗೆ ಹೋಗಿ ಲ್ಯಾಪ್‌ಟಾಪ್ ತೆರೆದೆ.

ಅಕ್ಷಗಳ ಅಂತರ ಸಮನಾಗಿಲ್ಲದಿದ್ದಾಗ ಪ್ರತಿ ಚೌಕದ ಅಂಚು ಎಲ್ಲಿ ಬರಬೇಕೆಂದು ನಾವೇ ಹೇಳಬೇಕು. ಎರಡು ಅಳತೆಗಳ ನಡುವಿನ ಹೊತ್ತನ್ನು ಅರ್ಧ ಅರ್ಧ ಹಂಚುವುದು ರೂಢಿ. ಹಾಗೆ ಮಾಡಿ ನೋಡಿದೆ. ಬೆಳಗಿನ ಹಸಿರು ಮಧ್ಯಾಹ್ನದವರೆಗೂ ಹರಡಿತು, ಅಲ್ಲಿಂದಾಚೆಗೆ ಸಂಜೆಯ ಹಳದಿ. ನೋಡಲು ಸರಿಯಾಗಿತ್ತು, ಆದರೆ ಆ ಹೊತ್ತಿನಲ್ಲಿ ನಾವು ಒಂದು ಹನಿಯನ್ನೂ ಅಳೆದಿರಲಿಲ್ಲ. ನಾನು ನೋಡದ ಹೊತ್ತಿಗೂ ಬಣ್ಣ ಬಳಿದಿದ್ದೆ. ಅದನ್ನು ಅಳಿಸಿ, ಅಳೆದ ಹೊತ್ತಿನಲ್ಲಿ ಮಾತ್ರ ಸಣ್ಣ ಗೀಟಿನಷ್ಟು ಬಣ್ಣ ಬರುವಂತೆ ಮಾಡಿ, ಉಳಿದದ್ದೆಲ್ಲ ಬಿಳಿ ಇರಲಿ ಎಂದು ಆಜ್ಞೆ ಕೊಟ್ಟೆ. ದಿನಗಳಿಗೂ ಅವುಗಳ ನಿಜವಾದ ತಾರೀಖು ಕೊಟ್ಟೆ.

ಚಿತ್ರ ಬಂತು. ದಸರಾದಲ್ಲಿ ಒಂದು ಬಿಳಿ ಅಡ್ಡಪಟ್ಟಿ. ಅದು ನನಗೆ ಗೊತ್ತಿದ್ದದ್ದೇ. ಆದರೆ ನಡುವೆ, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ, ಮೇಲಿನಿಂದ ಕೆಳಗಿನ ತನಕ ಒಂದು ಅಗಲವಾದ ಬಿಳಿ ಪಟ್ಟಿ ನಿಂತಿತ್ತು. ಬೀರುವಿನ ಬಾಗಿಲ ಮೇಲೆ ಅದು ಎರಡು ಚೌಕಗಳ ನಡುವಿನ ಗೆರೆಯಾಗಿತ್ತು, ಕೂದಲೆಳೆಯಷ್ಟು. ಮಗಳು ಎಚ್ಚರವಾಗಿರುವ ಹೊತ್ತಿನ ಹೆಚ್ಚುಪಾಲು ಆ ಗೆರೆಯೊಳಗಿತ್ತು.

ಸಂಜೆ ಯಾಕೆ ಏರುತ್ತದೆ ಎಂದು ಮತ್ತೆ ಯೋಚಿಸಿದೆ. ಮದ್ದು ಸಾಲದೆ ಏರಬಹುದು. ಮಧ್ಯಾಹ್ನ ಇಳಿದು, ಇಳಿದದ್ದಕ್ಕೆ ಅವಳೇನೋ ತಿಂದು, ಅದರಿಂದಲೂ ಏರಬಹುದು. ಎರಡನೆಯದೇ ನಿಜವಾಗಿದ್ದರೆ, ನಾಳೆ ಮದ್ದು ಹೆಚ್ಚಿಸಿ ಅವಳ ಸಕ್ಕರೆಯನ್ನು ನಾವೇ ಇನ್ನಷ್ಟು ಇಳಿಸಲು ಹೊರಟಿದ್ದೆವು. ಇಳಿದರೆ ತಕ್ಷಣವೇ ಅಪಾಯ ಎಂದು ಆಸ್ಪತ್ರೆಯಲ್ಲಿ ಕೇಳಿದ್ದ ಆ ಕೊನೆಯ ಮಾತು ನೆನಪಾಗಿ ಕೂರಲಾಗಲಿಲ್ಲ. ಶಾಲೆಯ ಆಫೀಸಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಪ್ರಿನ್ಸಿಪಾಲರಿಗೆ ತಲೆನೋವೆಂದು ಹೇಳಿ ಬಿಳಿಕೆರೆಯ ಬಸ್ ಹತ್ತಿದೆ.

ಆ ಬಸ್ಸು ಕಂಡಕಂಡಲ್ಲಿ ನಿಂತಿತು. ಒಬ್ಬರು ಟೊಮೆಟೊ ಕ್ರೇಟುಗಳನ್ನು ಏರಿಸಿದರು, ಒಬ್ಬರು ಇಳಿಯುತ್ತ ಮೆಟ್ಟಿಲ ಮೇಲೆ ನಿಂತು ಕಂಡಕ್ಟರ ಜೊತೆ ಮದುವೆಯ ಮಾತಾಡಿದರು. ನನ್ನ ಕೈಯಲ್ಲಿ ಟಿಕೇಟು ಮುದ್ದೆಯಾಯಿತು. ಮಗಳು ಎಲ್ಲೋ ಬಿದ್ದಿದ್ದಾಳೆ, ಯಾರೂ ನೋಡಿಲ್ಲ, ನೋಡಿದವರಿಗೂ ಏನು ಮಾಡಬೇಕೆಂದು ತಿಳಿದಿಲ್ಲ. ನಾವು ಯಾರಿಗೂ ಹೇಳಿಲ್ಲವಲ್ಲ. ಬಿಳಿಕೆರೆಯಲ್ಲಿ ಇಳಿದು ಆಟೋ ಹಿಡಿದೆ.

ಶಾಲೆಯ ಗೇಟಿಗೆ ಹೋದಾಗ ಊಟದ ಬಿಡುವಿನ ಹೊತ್ತು. ಮೈದಾನದಲ್ಲಿ ಹುಡುಗಿಯರು ಖೋಖೋ ಆಡುತ್ತಿದ್ದರು. ಒಬ್ಬಳು ಕೂತ ಸಾಲಿನ ನಡುವೆ ಹಾವಿನ ಹಾಗೆ ನುಸುಳಿ ಓಡುತ್ತಿದ್ದಳು. ಅಟ್ಟಿಸಿಕೊಂಡು ಬಂದವಳು ಕೈ ಚಾಚುವಷ್ಟರಲ್ಲಿ ಕಂಬ ಹಿಡಿದು ಸುತ್ತಿ ಮತ್ತೊಂದು ಕಡೆಗೆ. ಜಡೆ ನೋಡಿದ ಮೇಲೆ ಗೊತ್ತಾಯಿತು, ನನ್ನ ಮಗಳು. ಅವಳು ಆಟಕ್ಕೆ ಸೇರಿರುವುದೇ ನಮಗೆ ತಿಳಿದಿರಲಿಲ್ಲ. ಅಷ್ಟು ಚೆನ್ನಾಗಿ ಓಡುತ್ತಾಳೆ ಎಂಬುದೂ.

"ಯಾರ್ ಬೇಕಿತ್ತು ಸಾ?" ಎಂದು ವಾಚ್‌ಮನ್ ಕೇಳಿದ.

"ಯಾರೂ ಇಲ್ಲ. ನನ್ನ ಮಗಳು ಇಲ್ಲೇ ಓದೋದು. ಈ ಕಡೆ ಬಂದಿದ್ದೆ."

"ಕರೀಲಾ?"

"ಬೇಡ ಬೇಡ. ಆಡ್ಲಿ."

ಕರೆದಿದ್ದರೆ ಅವಳು ಅವಮಾನದಿಂದ ಸಾಯುತ್ತಿದ್ದಳು. ಕರೆಯದೆ ನಾನು ಸಾಯುತ್ತಿದ್ದೆ. ಆಟ ನಿಂತಿತು. ಅವಳು ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತಳು. ಎಲ್ಲ ಮಕ್ಕಳೂ ಹಾಗೇ ನಿಂತಿದ್ದರು. ದಣಿವೋ ಬೇರೆಯೋ ಇಷ್ಟು ದೂರದಿಂದ ಹೇಗೆ ಹೇಳುವುದು? ಗಂಟೆ ಹೊಡೆಯಿತು. ಒಬ್ಬ ಗೆಳತಿ ಬಂದು ಅವಳ ಕೈಗೆ ಏನೋ ಕೊಟ್ಟಳು, ಇಬ್ಬರೂ ಒಳಗೆ ಹೋದರು. ಊಟದ ಡಬ್ಬಿ ಅವಳ ಕೈಯಲ್ಲಿ ಎಲ್ಲೂ ಕಾಣಲಿಲ್ಲ.

ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ನಾನು ಹೆಂಡತಿಗೆ ಎಲ್ಲ ಹೇಳಿದ್ದೆ. ಅವಳಿಗೆ ನನ್ನ ಅಕ್ಷ, ಅಂತರ ಯಾವುದೂ ಬೇಕಾಗಲಿಲ್ಲ. ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟು, "ಇದು ಸ್ಕೂಲಾ?" ಎಂದಳು. ಹೌದೆಂದೆ.

ಮಗಳು ಬಂದಳು. ಅವಳಮ್ಮ ಅಳೆದಳು, ಮತ್ತೆ ಹಳದಿಯ ಅಂಕಿ. ಎಂದಿನಂತೆ ಬೈಗುಳ ಬರುತ್ತದೆಂದು ಅವಳು ಮುಖ ಗಂಟು ಹಾಕಿಕೊಂಡೇ ಕೂತಿದ್ದಳು. ಅವಳಮ್ಮ ಮೀಟರನ್ನು ಡಬ್ಬಿಗೆ ಹಾಕಿಟ್ಟಳು. ನಾನು ಹೊಸ ಚಿತ್ರವನ್ನು ಅವಳ ಮುಂದೆ ಇಟ್ಟೆ.

"ಇದ್ಯಾಕಪ್ಪ ಇಷ್ಟು ಖಾಲಿ?"

"ಅಲ್ಲಿ ಏನಾಗ್ತದೆ ಅಂತ ನಮಗೆ ಗೊತ್ತಿಲ್ಲ. ನಿನಗೆ ಗೊತ್ತಿರಬೇಕು."

ಅವಳು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಆಮೇಲೆ ಎದ್ದು ಬ್ಯಾಗಿನಿಂದ ಸ್ಕೆಚ್ ಪೆನ್ನುಗಳನ್ನು ತಂದಳು. ಬಿಳಿ ಪಟ್ಟಿಯ ಎಡಗಡೆ ಹಸಿರು ಹಚ್ಚಿದಳು. "ಮೊದಲನೇ ಪೀರಿಯಡ್ಡು, ಎರಡನೇದು ಏನೂ ಆಗಲ್ಲ." ನಡುವಿಗೆ ಬಂದಾಗ ಕೆಂಪು ಪೆನ್ನು ತೆಗೆದಳು. ಒಂದು ಸಾಲಿಗೆ ಹಚ್ಚಿದಳು, ಅದರ ಕೆಳಗಿನದಕ್ಕೆ, ಅದರ ಕೆಳಗಿನದಕ್ಕೆ. ಒಂದೆರಡು ದಿನ ಬಿಟ್ಟಳು, "ಅವತ್ತು ಪ್ರಾಕ್ಟೀಸ್ ಇರ್ಲಿಲ್ಲ." ಮತ್ತೆ ಕೆಂಪು.

"ಕೆಂಪು ಅಂದ್ರೆ ಏನಾಗುತ್ತೆ ಕಂದ?" ಎಂದು ಅವಳಮ್ಮ ಕೇಳಿದಳು.

"ಕೈ ನಡುಗುತ್ತೆ. ಬೋರ್ಡು ಎರಡೆರಡು ಕಾಣುತ್ತೆ. ಒಂದಿನ ಮಿಸ್ ಏನೋ ಕೇಳಿದ್ರು, ನಂಗೆ ನನ್ ಹೆಸ್ರೇ ಹೇಳಕ್ ಬರ್ಲಿಲ್ಲ. ಎಲ್ರೂ ನಕ್ರು."

"ಊಟ?"

"ಊಟದ ಟೈಮಲ್ಲೇ ಪ್ರಾಕ್ಟೀಸು. ಉಂಡು ಓಡಿದ್ರೆ ಹೊಟ್ಟೆ ನೋಯುತ್ತೆ. ಆಮೇಲೆ ಬಸ್ಸಲ್ಲಿ ಅವಳು ಬಿಸ್ಕತ್ ಕೊಡ್ತಾಳೆ. ತುಂಬ ಹಸಿವಾಗಿರುತ್ತೆ, ಇಡೀ ಪ್ಯಾಕೆಟ್ ತಿಂದ್ಬಿಡ್ತೀನಿ." ಬಸ್ಸಿನಲ್ಲಿ ಪಕ್ಕದಲ್ಲಿ ಕೂರುವ ಆ ಗೆಳತಿಗೆ ಮಾತ್ರ ವಿಷಯ ಗೊತ್ತಿತ್ತಂತೆ. "ಹೇಳಿದ್ರೆ ಟೀಮಿಂದ ತೆಗೀತಾರಪ್ಪ. ನೀವೂ ಬೇಡ ಅಂತೀರ."

ಬೇಡ ಎಂದೇ ಅನ್ನುತ್ತಿದ್ದೆವು. ಅವಳು ಸರಿಯಾಗಿಯೇ ಎಣಿಸಿದ್ದಳು. ಹೆಂಡತಿ ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು ನನ್ನ ಕಡೆ ನೋಡಿ, "ನಾಳೆ ಮದ್ದು ಜಾಸ್ತಿ ಮಾಡ್ಸೋಕೆ ಹೊರಟಿದ್ವಲ್ರೀ," ಎಂದಳು.

ಮೈಸೂರಿನಲ್ಲಿ ಡಾಕ್ಟರಮ್ಮ ಆ ಕಾಗದವನ್ನು ಮೇಜಿನ ಮೇಲೆ ಹರಡಿಕೊಂಡರು. ನನ್ನ ಗೀಟುಗಳನ್ನು ಒಮ್ಮೆ ನೋಡಿ, ಸ್ಕೆಚ್ ಪೆನ್ನಿನ ಕೆಂಪಿನ ಮೇಲೆ ಕಣ್ಣಿಟ್ಟರು. ನಮ್ಮಿಬ್ಬರನ್ನೂ ಬಿಟ್ಟು ಅವಳನ್ನೇ ಕೇಳಿದರು. ಎಷ್ಟು ಹೊತ್ತು ಓಡ್ತೀಯ, ಓಡುವ ಮೊದಲು ಏನು ತಿಂತೀಯ, ಯಾವ ದಿನ ಜಾಸ್ತಿ ನಡುಗಿತು. ಅವಳು ಒಂದೊಂದಕ್ಕೂ ಉತ್ತರ ಹೇಳಿದಳು. ಆಟ ಬಿಡು ಎಂಬ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವಳು ಕುರ್ಚಿಯ ಅಂಚು ಹಿಡಿದುಕೊಂಡಿದ್ದಳು.

"ಖೋಖೋ ಬಿಡಬೇಕಾಗಿಲ್ಲ," ಎಂದರು ಡಾಕ್ಟರಮ್ಮ. "ಬೆಳಗಿನ ಮದ್ದು ಸ್ವಲ್ಪ ಕಮ್ಮಿ ಮಾಡೋಣ. ಆಡೋ ಮುಂಚೆ ಮೀಟರ್ ನೋಡ್ಬೇಕು, ಏನಾದ್ರೂ ತಿನ್ಬೇಕು, ಜೇಬಲ್ಲಿ ಗ್ಲೂಕೋಸ್ ಇರ್ಬೇಕು. ಆಟ ಮುಗಿದ ಮೇಲೆ ಊಟ ತಪ್ಪಿಸೋ ಹಾಗಿಲ್ಲ. ಸ್ಕೂಲಲ್ಲಿ ಒಬ್ಬ ದೊಡ್ಡವರಿಗಾದ್ರೂ ಗೊತ್ತಿರ್ಬೇಕು. ಇದಿಷ್ಟು ಒಪ್ಪಿದ್ರೆ ಆಡು."

ಒಪ್ಪಿದಳು. ಶಾಲೆಯವರನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಆಟದ ಮೇಷ್ಟ್ರು ಒಳ್ಳೆಯವರು, ಆದರೆ ಹೆದರಿದರು. "ನಮ್ ಕೈಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಏನ್ ಸಾರ್ ಗತಿ? ಸುಮ್ನೆ ಈ ವರ್ಷ ಬಿಡಿಸ್ಬಿಡಿ." ಅವರ ಭಯ ನನ್ನದೇ ಭಯವಾಗಿತ್ತು. ನನ್ನ ಹೆಂಡತಿ ಪರ್ಸಿನಿಂದ ಮೀಟರು ತೆಗೆದು ಮೇಜಿನ ಮೇಲಿಟ್ಟಳು.

"ನಿಮ್ ಬೆರಳು ಕೊಡಿ ಸಾರ್," ಎಂದಳು.

ಅವರು ನನ್ನನ್ನು ನೋಡುತ್ತ ಬೆರಳು ಕೊಟ್ಟರು. ಚುಚ್ಚಿದ್ದೂ ಅವರಿಗೆ ಗೊತ್ತಾಗಲಿಲ್ಲ. ಅಂಕಿ ಬಂತು. "ನೋಡಿ, ಇಷ್ಟೆಯ. ಇದು ಎಪ್ಪತ್ತರಿಂದ ಕೆಳಗ್ ಬಂದ್ರೆ ಗ್ಲೂಕೋಸ್ ಕೊಡದು, ಕಾಲ್ಗಂಟೆ ಕೂರ್ಸದು, ಮತ್ತೆ ನೋಡದು. ಮಾತೇ ಆಡ್ದಂಗಾದ್ರೆ ಬಾಯಿಗೇನೂ ಹಾಕ್ಬೇಡಿ, ಸೀದಾ ಆಸ್ಪತ್ರೆ. ಅಷ್ಟ್ರೊಳಗೆ ನಾನೂ ಬಂದಿರ್ತೀನಿ." ಅವರು ಹತ್ತಿ ಒತ್ತಿಕೊಂಡು, "ನಂದು ಎಷ್ಟು ಬಂತಮ್ಮ?" ಎಂದು ಕೇಳಿದರು. ಚೆನ್ನಾಗಿಯೇ ಇತ್ತು. ಆಮೇಲೆ ಒಪ್ಪಿದರು.

ಮೊದಲ ವಾರ ಅವಳು ಸ್ಟಾಫ್ ರೂಮಿನ ಮೂಲೆಯಲ್ಲಿ ಅಳೆದುಕೊಂಡಳು. ಆಮೇಲೆ ಮೈದಾನದ ಪಕ್ಕದ ಕಟ್ಟೆಯ ಮೇಲೆ. ಹುಡುಗಿಯರೆಲ್ಲ ಸುತ್ತ ನೆರೆದು ಇವತ್ತು ಎಷ್ಟು ಬರುತ್ತದೆಂದು ಪಂಥ ಕಟ್ಟುತ್ತಾರೆ ಎಂದು ನಗುತ್ತ ಹೇಳಿದಳು. ಸಂಜೆಯ ಅಂಕಿ ಮೆಲ್ಲಗೆ ಕೆಳಗಿಳಿಯಿತು. ಇಳಿದದ್ದು ನೋಡಿ ನನಗೆ ಹೊಸ ಚಿಂತೆ ಹತ್ತಿತು, ಇನ್ನೂ ಇಳಿದುಬಿಟ್ಟರೆ? ಹೆಂಡತಿ, "ನಿಮ್ಗೆ ಏರಿದ್ರೂ ಕಷ್ಟ, ಇಳಿದ್ರೂ ಕಷ್ಟ, ಸರಿಯಾಗಿದ್ರೆ ಇನ್ನೂ ಕಷ್ಟ," ಎಂದಳು.

ಮುಂದಿನ ವರ್ಷ ಖೋಖೋ ಪಂದ್ಯಕ್ಕೆ ಅವರ ತಂಡ ಎಚ್.ಡಿ. ಕೋಟೆಗೆ ಹೊರಟಿತು. ಪಂದ್ಯದ ಶಾಲೆ ಊರಿನಿಂದಾಚೆ, ಕಾಡಿನ ಕಡೆಗೆ. ನಾನೂ ಬರುತ್ತೇನೆ ಎಂದೆ. "ಬಂದ್ರೆ ನಾನು ಆಡಲ್ಲ," ಎಂದಳು. ಬೆಳಿಗ್ಗೆ ಬಸ್ ಹತ್ತುವಾಗ ಅವಳ ಬ್ಯಾಗಿನಲ್ಲಿ ಬಿಸ್ಕತ್ತು, ಗ್ಲೂಕೋಸು, ಬಾಳೆಹಣ್ಣು, ಎರಡು ಮೀಟರು ಇದ್ದವು. ಎರಡನೆಯದನ್ನು ನಾನು ಅವಳಿಗೆ ಕಾಣದಂತೆ ಹಾಕಿದ್ದೆ.

ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಹೇಳಿದ್ದರೂ ನಾನು ಮಧ್ಯಾಹ್ನದಿಂದ ಫೋನ್ ಮಾಡುತ್ತಲೇ ಇದ್ದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎನ್ನುವ ಹೆಂಗಸಿನ ದನಿ ಬಾಯಿಪಾಠವಾಯಿತು. ಮನೆಯಲ್ಲಿ ನಿಲ್ಲಲಾಗದೆ ಹೆಂಡತಿಯ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ರವಿಕೆ ಅಳತೆ ಕೊಡಲು ಬಂದ ಹೆಂಗಸರು ನನ್ನನ್ನು ನೋಡಿ ಹಿಂಜರಿದರು.

"ನೀವು ಹಿಂಗೆ ಕೂತ್ರೆ ನನ್ ಗಿರಾಕಿ ಎಲ್ಲ ಓಡೋಯ್ತಾರೆ ಕಣ್ರೀ, ಹೋಗಿ ಒಂದ್ ಟೀ ಕುಡ್ಕೊಂಡ್ ಬನ್ನಿ," ಎಂದಳು. ಆದರೆ ಅವಳೂ ಒಂದೇ ತೋಳನ್ನು ಎರಡು ಸಲ ಬಿಚ್ಚಿ ಹೊಲಿದಿದ್ದಳು. ನಾನು ಟೀ ಅಂಗಡಿಯ ಮುಂದೆ ಲೋಟ ಹಿಡಿದು ನಿಂತೆ, ಟೀ ಆರಿಹೋಯಿತು. ಮೋಡ ಮುಚ್ಚಿ ಬೀದಿಯಲ್ಲಿ ಹಗಲೇ ದೀಪ ಹಾಕಿದರು. ಬೇಡದ್ದೆಲ್ಲ ಕಣ್ಣ ಮುಂದೆ ಬರುತ್ತಿತ್ತು. ಆಟದ ಭರದಲ್ಲಿ ಮರೆತಿದ್ದರೆ, ಮೇಷ್ಟ್ರು ಬೇರೆ ಮಕ್ಕಳ ಕಡೆ ತಿರುಗಿದ್ದರೆ, ಹಿಂದಿರುಗುವ ಬಸ್ಸಿನಲ್ಲಿ ನಿದ್ದೆ ಹೋದಳೆಂದು ಎಲ್ಲರೂ ಅಂದುಕೊಂಡಿದ್ದರೆ.

ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಫೋನು ರಿಂಗಾಯಿತು. ಮೇಷ್ಟ್ರ ನಂಬರು. ಎತ್ತಿದರೆ ಮಗಳ ದನಿ, ಅಳುತ್ತಿದ್ದಳು.

"ಎಲ್ಲಿದ್ದೀಯ? ಎಷ್ಟಿದೆ?"

"ಹ್ಯಾಂಡ್‌ಪೋಸ್ಟಲ್ಲಿ. ಬಸ್ ನಿಲ್ಸವ್ರೆ, ಎಲ್ರೂ ಬೋಂಡ ತಿಂತಾವ್ರೆ."

"ಎಷ್ಟಿದೆ ಅಂದೆ."

"ನೂರಾ ಮೂವತ್ತು. ಅಪ್ಪ, ನಾವ್ ಸೋತೋದ್ವಿ. ಅಂಪೈರು ನಾನು ಗೆರೆ ತುಳ್ದೆ ಅಂತ ಫೌಲ್ ಕೊಟ್ಬಿಟ್ರು. ನಾನ್ ತುಳೀಲೇ ಇಲ್ಲ."

ನಾನು ಸ್ಪೀಕರಿಗೆ ಹಾಕಿದೆ. ಹೆಂಡತಿ ಬೀಗ ಕೈಯಲ್ಲಿ ಹಿಡಿದು ನಿಂತಿದ್ದಳು.

"ನೀನು ಏನಾದ್ರೂ ತಿಂದ್ಯಾ ಇಲ್ವಾ?" ಎಂದು ಕೇಳಿದಳು.

"ಯಾರಿಗ್ ಬೇಕಮ್ಮ ಬೋಂಡ? ಅವ್ರೇ ತುಳ್ದಿದ್ದು, ಆ ಟೀಮಿನ ನಂಬರ್ ಏಳು. ಎಲ್ರೂ ನೋಡಿದ್ರು, ಅಂಪೈರ್ ಒಬ್ರು ನೋಡ್ಲಿಲ್ಲ."

"ಒಂದು ತಿನ್ನು. ಬರ್ತಾ ಮಳೆ ಬರ್ಬೋದು, ಕಿಟಕಿ ಮುಚ್ಕೊ."

ಅವಳು ಒಂದೇ ಸಮನೆ ಹೇಳುತ್ತ ಹೋದಳು. ಯಾರು ಯಾರಿಗೆ ಖೋ ಕೊಟ್ಟರು, ಯಾರು ತಡವಾಗಿ ಎದ್ದರು, ತಾನು ಕಂಬದ ಹತ್ತಿರ ಹೇಗೆ ತಿರುಗಿದೆ. ನಾವಿಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಫೋನನ್ನು ನಡುವೆ ಇಟ್ಟುಕೊಂಡು ಕೇಳಿದೆವು. ಆ ಅಂಪೈರನ್ನು ನನ್ನ ಹೆಂಡತಿ ಮಗಳಿಗಿಂತ ಹೆಚ್ಚು ಬೈದಳು.